ಸಿಡಿ ಮತ್ತು ಸ್ಟೀರಿಯೊ ಸದ್ದಿನ ಮೇಲಿನ ದೂರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡಿ ಬಂದು ನಲವತ್ತು ವರ್ಷ ದಾಟಿದೆ. ಅದರ ಮೇಲಿನ ದೂರುಗಳಿಗೂ ಹೆಚ್ಚು ಕಡಿಮೆ ಅಷ್ಟೇ ವಯಸ್ಸು. ‘ಸದ್ದು ಒಣಒಣ’, ‘ಜೀವ ಇಲ್ಲ’, ‘ಕಿವಿಗೆ ಚುಚ್ಚುತ್ತೆ’ ಅನ್ನುವವರು ಇವತ್ತಿಗೂ ಸಿಗುತ್ತಾರೆ. ಅವರು ಕೇಳಿದ್ದು ಸುಳ್ಳಲ್ಲ. ಆದರೆ ದೂರು ಬಹಳ ಸಲ ತಪ್ಪು ವಿಳಾಸಕ್ಕೆ ಹೋಗುತ್ತದೆ. ತಟ್ಟೆಯಲ್ಲಿರುವ ಅಂಕಿಗಳಿಗೆ ಬೈಯುತ್ತೇವೆ. ತಪ್ಪು ಮಾತ್ರ ಮಾಸ್ಟರಿಂಗ್ (ಅಚ್ಚಿಗೆ ಹೋಗುವ ಅಂತಿಮ ಪ್ರತಿಯ ಸದ್ದು ಹೊಂದಿಸುವ ಕೆಲಸ) ಮಾಡಿದವರದ್ದೋ, ಹಳೆಯ ಪ್ಲೇಯರಿನದ್ದೋ, ಎರಡೇ ಸ್ಪೀಕರಿನ ಏರ್ಪಾಟಿನದ್ದೋ ಆಗಿರುತ್ತದೆ.

ಸಿಡಿಯಲ್ಲಿ ಹಾಡು ಯಾವ ರೂಪದಲ್ಲಿ ಇರುತ್ತದೆ?

ಅಂಕಿಗಳಾಗಿ. ಸದ್ದಿನ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಈ ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಒಂದು ಸ್ಯಾಂಪಲ್‌ಗೆ 16 ಬಿಟ್ ಜಾಗ, ಅಂದರೆ 65,536 ಮಟ್ಟಗಳಲ್ಲಿ ಯಾವುದಾದರೂ ಒಂದು. ಎಡ, ಬಲ ಎಂದು ಎರಡು ಚಾನೆಲ್. ಎಲ್ಲ ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್ ಆಗುತ್ತದೆ. ಇವೆಲ್ಲ ತಟ್ಟೆಯ ಮೇಲೆ ಸಣ್ಣ ಸಣ್ಣ ಗುಳಿಗಳಾಗಿ, ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತಿ ಕೂತಿರುತ್ತವೆ. ಸುರುಳಿಯ ಎರಡು ಸುತ್ತುಗಳ ನಡುವೆ 1.6 ಮೈಕ್ರೋಮೀಟರ್ ಅಂತರ. ಓದುವುದು 780 ನ್ಯಾನೋಮೀಟರ್ ಲೇಸರ್.

ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ಈ ನಿಯಮಗಳನ್ನು ‘ರೆಡ್ ಬುಕ್’ ಎಂಬ ದಾಖಲೆಯಲ್ಲಿ ಬರೆದಿಟ್ಟವು. 1982ರ ಆಗಸ್ಟ್‌ನಲ್ಲಿ ಜರ್ಮನಿಯ ಹ್ಯಾನೋವರ್ ಹತ್ತಿರದ ಲಾಂಗನ್‌ಹಾಗನ್ ಕಾರ್ಖಾನೆಯಲ್ಲಿ ಸಿಡಿ ತಯಾರಿ ಶುರುವಾಯಿತು. ಅದೇ ವರ್ಷ ಅಕ್ಟೋಬರ್ 1ಕ್ಕೆ ಜಪಾನಿನಲ್ಲಿ ಸೋನಿಯ ಸಿಡಿಪಿ-101 ಪ್ಲೇಯರ್ ಅಂಗಡಿಗೆ ಬಂತು.

44,100 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು?

ಟಿವಿಯಿಂದ. ಆಗ ಅಷ್ಟೊಂದು ಅಂಕಿಗಳನ್ನು ತುಂಬಿಡಲು ಕೈಗೆ ಸಿಗುತ್ತಿದ್ದದ್ದು ವಿಡಿಯೋ ಟೇಪ್ ಮಾತ್ರ. ಆಡಿಯೋ ಅಂಕಿಗಳನ್ನು ಕಪ್ಪು-ಬಿಳುಪು ಚುಕ್ಕೆಗಳ ಚಿತ್ರವಾಗಿ ಮಾಡಿ ಟೇಪಿಗೆ ಬರೆಯುತ್ತಿದ್ದರು. ಅಮೆರಿಕ, ಜಪಾನ್ ಪದ್ಧತಿಯಲ್ಲಿ ಸೆಕೆಂಡಿಗೆ 60 ಫೀಲ್ಡ್ (ಟಿವಿ ಚಿತ್ರದ ಅರ್ಧ ಭಾಗ), ಒಂದು ಫೀಲ್ಡಿನಲ್ಲಿ ಬಳಕೆಗೆ ಸಿಗುವ 245 ಗೆರೆ, ಒಂದು ಗೆರೆಗೆ 3 ಸ್ಯಾಂಪಲ್. ಯುರೋಪಿನಲ್ಲಿ 50 ಫೀಲ್ಡ್, 294 ಗೆರೆ, ಮತ್ತೆ 3 ಸ್ಯಾಂಪಲ್. ಎರಡನ್ನೂ ಗುಣಿಸಿ ನೋಡಿ, 44,100 ಬರುತ್ತದೆ.

20 ಕಿಲೋಹರ್ಟ್ಸ್ ಮೇಲಿನ ಸದ್ದನ್ನು ಸಿಡಿ ಕತ್ತರಿಸಿಬಿಡುತ್ತದೆ. ಅದು ನಷ್ಟ ಅಲ್ವಾ?

ಕತ್ತರಿಸುವುದು ನಿಜ. ಸ್ಯಾಂಪಲ್ ದರದ ಅರ್ಧದಷ್ಟು ಕಂಪನಾಂಕದವರೆಗೆ ಮಾತ್ರ ಹಿಡಿದಿಡಲು ಸಾಧ್ಯ. ಸಿಡಿಗೆ ಆ ಮಿತಿ 22.05 ಕಿಲೋಹರ್ಟ್ಸ್. ಅದಕ್ಕಿಂತ ಮೇಲಿನದು ಒಳಗೆ ನುಗ್ಗಿದರೆ ಕೆಳಗಿನ ಸ್ವರಗಳ ನಡುವೆ ಸುಳ್ಳು ಸ್ವರವಾಗಿ ಬಂದು ಕೂರುತ್ತದೆ. ಹಾಗಾಗಿ ಮೊದಲೇ ಫಿಲ್ಟರ್ ಹಾಕಿ ತಡೆಯುತ್ತಾರೆ.

ಈಗ ಕಿವಿಯ ವಿಷಯ. ಮನುಷ್ಯನಿಗೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ ಅನ್ನುವುದು ಎಳೆಯರ ಲೆಕ್ಕ. ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತಾ ಬರುತ್ತದೆ. ಐವತ್ತು ದಾಟಿದವರಲ್ಲಿ ಹೆಚ್ಚಿನವರಿಗೆ 15 ಕಿಲೋಹರ್ಟ್ಸ್ ಕೂಡ ಕೇಳುವುದಿಲ್ಲ. ತಮಾಷೆ ಅಂದರೆ, ಕತ್ತರಿಸಿದ ಭಾಗದ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳುವವರೂ ಸಾಮಾನ್ಯವಾಗಿ ಅದೇ ವಯಸ್ಸಿನವರು.

ಸಿಡಿ ಅಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ, ಎಲ್‌ಪಿಯಲ್ಲಿ (ಮುಳ್ಳಿನಿಂದ ನುಡಿಸುವ ಗ್ರಾಮಫೋನ್ ತಟ್ಟೆಯಲ್ಲಿ) ನುಣುಪಾಗಿ ಇರುತ್ತದೆ ಅಂತಾರೆ. ನಿಜವೇ?

ಇಲ್ಲ. ಇದು ಎಷ್ಟು ಸಲ ಹೇಳಿದರೂ ಸಾಯದ ತಪ್ಪು ಕಲ್ಪನೆ. ಜಾಹೀರಾತುಗಳಲ್ಲಿ ಬಂದ ಮೆಟ್ಟಿಲಿನ ಚಿತ್ರವೇ ಇದಕ್ಕೆ ಕಾರಣ.

ತಟ್ಟೆಯಲ್ಲಿ ಮೆಟ್ಟಿಲು ಇಲ್ಲ, ಬಿಡಿ ಬಿಂದುಗಳಿವೆ. ಆ ಬಿಂದುಗಳ ಮೂಲಕ ಹಾದುಹೋಗುವ, 22.05 ಕಿಲೋಹರ್ಟ್ಸ್ ಒಳಗೇ ಇರುವ ಅಲೆ ಒಂದೇ ಒಂದು ಇರಲು ಸಾಧ್ಯ. ಇದು ಗಣಿತ. ಬೆಲ್ ಲ್ಯಾಬ್ಸ್‌ನ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಕ್ಲಾಡ್ ಶ್ಯಾನನ್ 1949ರಲ್ಲಿ ಪ್ರಮೇಯವಾಗಿ ಬಿಡಿಸಿಟ್ಟರು. ಪ್ಲೇಯರಿನ ಡ್ಯಾಕ್, ಅಂದರೆ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಿಸುವ ಚಿಪ್, ಮತ್ತು ಅದರ ನಂತರದ ಫಿಲ್ಟರ್ ಸೇರಿ ಆ ಒಂದೇ ಅಲೆಯನ್ನು ಮತ್ತೆ ಕಟ್ಟುತ್ತವೆ. ಸರಿಯಾದ ಪ್ಲೇಯರಿನ ಔಟ್‌ಪುಟ್ಟಿಗೆ ಆಸಿಲೋಸ್ಕೋಪ್ (ಅಲೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ) ಜೋಡಿಸಿ ನೋಡಿದರೆ ನುಣುಪಾದ ಗೆರೆಯೇ ಕಾಣುತ್ತದೆ.

ಎರಡು ಸ್ಯಾಂಪಲ್ ನಡುವೆ ಬಂದ ಪೆಟ್ಟು ಕಳೆದುಹೋಗುವುದಿಲ್ಲವೇ? ಮೃದಂಗದ ಚಾಪು ಅಂಥದ್ದು?

ಎರಡು ಸ್ಯಾಂಪಲ್ ನಡುವೆ 22.7 ಮೈಕ್ರೋಸೆಕೆಂಡ್ ಅಂತರ ಇದೆ. ಎಡ-ಬಲ ಕಿವಿಗಳ ನಡುವೆ ಸುಮಾರು 10 ಮೈಕ್ರೋಸೆಕೆಂಡ್ ವ್ಯತ್ಯಾಸವನ್ನೂ ನಮ್ಮ ಮಿದುಳು ಗುರುತಿಸಬಲ್ಲದು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ‘ನೋಡಿ, ಸಿಡಿ ಸಾಲದು’ ಅನ್ನುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ, ಆದರೆ ತಪ್ಪು. ಪೆಟ್ಟು ಸ್ವಲ್ಪ ತಡವಾಗಿ ಬಿದ್ದರೆ ಅದರ ಸುತ್ತಲಿನ ಎಲ್ಲ ಸ್ಯಾಂಪಲ್‌ಗಳ ಬೆಲೆ ಬದಲಾಗುತ್ತದೆ. ಪೆಟ್ಟು ಯಾವಾಗ ಬಿತ್ತು ಅನ್ನುವ ಸುದ್ದಿ ಆ ಬೆಲೆಗಳಲ್ಲೇ ಅಡಗಿರುತ್ತದೆ. ಹಾಗಾಗಿ ಒಂದು ಸ್ಯಾಂಪಲ್ ಅಂತರಕ್ಕಿಂತ ಎಷ್ಟೋ ಪಟ್ಟು ಸಣ್ಣ ಸಮಯವನ್ನು ಸಿಡಿ ಹಿಡಿಯುತ್ತದೆ.

16 ಬಿಟ್ ಸಾಕೇ?

ಮನೆಯಲ್ಲಿ ಕೇಳಲು ಸಾಕು. ಆದರೆ ಇಲ್ಲಿ ನಿಜವಾದ ಮಿತಿ ಇದೆ, ಸ್ವಲ್ಪ ವಿವರವಾಗಿ ನೋಡೋಣ.

ಅಳತೆಯನ್ನು ಹತ್ತಿರದ ಮಟ್ಟಕ್ಕೆ ಸರಿಹೊಂದಿಸುವಾಗ ಪ್ರತಿ ಸಲವೂ ಚೂರು ತಪ್ಪು ಉಳಿಯುತ್ತದೆ. ಸದ್ದು ಜೋರಾಗಿದ್ದಾಗ ಈ ತಪ್ಪು ಗೊತ್ತಾಗುವುದಿಲ್ಲ. ಸದ್ದು ತೀರಾ ಸಣ್ಣದಾದಾಗ ಗೊತ್ತಾಗುತ್ತದೆ. ತಂಬೂರಿಯನ್ನು ಕೊನೆಯ ಸಲ ಮೀಟಿ ಬಿಟ್ಟು, ನಾದ ಕರಗುತ್ತಾ ಹೋಗುವ ಜಾಗವನ್ನು ನೆನಪಿಸಿಕೊಳ್ಳಿ. ಅಲ್ಲಿ ಅಲೆ ಕೊನೆಯ ಎರಡು ಮೂರು ಮಟ್ಟಗಳ ನಡುವೆ ಓಲಾಡುತ್ತಿರುತ್ತದೆ. ಸುಮ್ನೆ ಹತ್ತಿರದ ಮಟ್ಟಕ್ಕೆ ಕತ್ತರಿಸಿದರೆ ನಾದ ಕರಗುವ ಬದಲು ಕರಕರ ಅಂದು, ತುಂಡು ತುಂಡಾಗಿ ನಿಂತುಬಿಡುತ್ತದೆ. ಆ ಕರಕರ ಹಾಡಿಗೇ ಅಂಟಿಕೊಂಡು ಏರಿಳಿಯುತ್ತದೆ, ಅದಕ್ಕೇ ಅಷ್ಟು ಕೆಟ್ಟದಾಗಿ ಕೇಳುವುದು.

ಇದಕ್ಕೆ ಮದ್ದು ಡಿದರ್. 16 ಬಿಟ್‌ಗೆ ಇಳಿಸುವ ಮೊದಲು ಬೇಕೆಂದೇ ಅತಿ ಸಣ್ಣ ಪ್ರಮಾಣದ ‘ಸ್ಸ್’ ಸದ್ದನ್ನು ಸೇರಿಸುತ್ತಾರೆ. ಆಗ ಕರಕರ ಮಾಯವಾಗಿ ಒಂದೇ ಸಮನಾದ, ಕಿವಿಗೆ ಬೀಳದಷ್ಟು ಸಣ್ಣ ಗಾಳಿಸದ್ದು ಉಳಿಯುತ್ತದೆ. ಕೊನೆಯ ಮಟ್ಟಕ್ಕಿಂತ ಸಣ್ಣ ನಾದ ಕೂಡ ಆ ಗಾಳಿಸದ್ದಿನ ಒಳಗೆ ಕೇಳಿಸುತ್ತಲೇ ಇರುತ್ತದೆ. ಕೊಳೆ ಸೇರಿಸಿ ಸ್ವಚ್ಛ ಮಾಡುವ ಈ ಉಪಾಯ ನನಗೆ ಡಿಜಿಟಲ್ ಆಡಿಯೋದ ಅತ್ಯಂತ ಚಂದದ ತಂತ್ರ ಅನ್ನಿಸುತ್ತದೆ. ಸಿಡಿಯ ಮೊದಲ ದಿನಗಳಲ್ಲಿ ಎಲ್ಲರೂ ಇದನ್ನು ಸರಿಯಾಗಿ ಮಾಡುತ್ತಿರಲಿಲ್ಲ.

16 ಬಿಟ್‌ನಲ್ಲಿ ಅತಿ ಜೋರು ಮತ್ತು ಅತಿ ಸಣ್ಣ ಸದ್ದಿನ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. ಒಳ್ಳೆಯ ಎಲ್‌ಪಿಯಲ್ಲಿ 70 ಸಿಕ್ಕರೆ ಹೆಚ್ಚು. ನಮ್ಮ ಕೋಣೆಗಳಲ್ಲಿ ರಾತ್ರಿ ಹೊತ್ತಲ್ಲೂ ಫ್ಯಾನ್ ಸದ್ದು, ಬೀದಿ ಸದ್ದು ಸೇರಿ 30-40 ಡೆಸಿಬೆಲ್ ಇದ್ದೇ ಇರುತ್ತದೆ. ಅದರ ಮೇಲೆ 96 ಸೇರಿಸಿದರೆ ಕಿವಿ ನೋಯುವ ಮಟ್ಟ. ರೆಕಾರ್ಡಿಂಗ್ ಮಾಡುವವರಿಗೆ 24 ಬಿಟ್ ಬೇಕು, ಮಟ್ಟ ಹೊಂದಿಸುವಾಗ ಸ್ವಲ್ಪ ಜಾಗ ಬಿಟ್ಟುಕೊಳ್ಳಬಹುದು. ಕೇಳುವವರಿಗೆ ಆ ಅಗತ್ಯ ಇಲ್ಲ.

ಹಾಗಾದರೆ 80ರ ದಶಕದ ಸಿಡಿಗಳು ಯಾಕೆ ಅಷ್ಟು ಒರಟಾಗಿ ಕೇಳುತ್ತಿದ್ದವು?

ಇದು ನಿಜವಾದ ದೂರು. ಕಾರಣ ಒಂದಲ್ಲ.

ಮೊದಲನೆಯದು ಪ್ಲೇಯರ್. 20 ಕಿಲೋಹರ್ಟ್ಸ್ ಪೂರ್ತಿ ಬಿಡಬೇಕು, 22.05 ಪೂರ್ತಿ ತಡೆಯಬೇಕು. ಆಗ ಇದನ್ನು ಮಾಡಲು ತೀರಾ ಕಡಿದಾದ ಅನಲಾಗ್ ಫಿಲ್ಟರ್ ಬೇಕಿತ್ತು. ಸೋನಿ ಈ ದಾರಿ ಹಿಡಿಯಿತು. ಇಂಥ ಫಿಲ್ಟರ್ ಮೇಲಿನ ಸ್ವರಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡಮಾಡುತ್ತದೆ. ಮೇಲಾಗಿ ಡ್ಯಾಕ್ ದುಬಾರಿ ಅಂತ ಸಿಡಿಪಿ-101ರಲ್ಲಿ ಎಡ-ಬಲ ಎರಡಕ್ಕೂ ಒಂದೇ ಡ್ಯಾಕ್ ಇಟ್ಟರು. ಅದು ಒಂದು ಸಲ ಎಡ, ಒಂದು ಸಲ ಬಲ ಎಂದು ಸರದಿಯಲ್ಲಿ ಕೆಲಸ ಮಾಡುತ್ತಿತ್ತು. ಹಾಗಾಗಿ ಎರಡು ಚಾನೆಲ್ ನಡುವೆ ಸುಮಾರು 11 ಮೈಕ್ರೋಸೆಕೆಂಡ್ ವ್ಯತ್ಯಾಸ. ಇದರ ಬಗ್ಗೆ ಆಗ ದೊಡ್ಡ ಗಲಾಟೆ ಆಯಿತು. ಒಂದು ಸ್ಪೀಕರನ್ನು 4 ಮಿಲಿಮೀಟರ್ ಹಿಂದೆ ತಳ್ಳಿದರೂ ಅಷ್ಟೇ ವ್ಯತ್ಯಾಸ ಆಗುತ್ತದೆ ಅನ್ನುವುದನ್ನು ಗಲಾಟೆ ಮಾಡಿದವರು ಮರೆತಿದ್ದರು.

ಫಿಲಿಪ್ಸ್ ಜಾಣತನ ಮಾಡಿತು. ಅವರ ಹತ್ತಿರ ಆಗ ಇದ್ದದ್ದು 14 ಬಿಟ್ ಡ್ಯಾಕ್. ಆದರೆ ಸ್ಯಾಂಪಲ್ ದರವನ್ನು ನಾಲ್ಕು ಪಟ್ಟು, ಅಂದರೆ 176.4 ಕಿಲೋಹರ್ಟ್ಸ್‌ಗೆ ಏರಿಸಿ, ಹೆಚ್ಚಿನ ಫಿಲ್ಟರಿಂಗ್ ಕೆಲಸವನ್ನು ಅಂಕಿಗಳಲ್ಲೇ ಮುಗಿಸಿದರು. ತಪ್ಪಿನ ಸದ್ದನ್ನು ಕಿವಿಗೆ ಕೇಳದ ಮೇಲಿನ ಭಾಗಕ್ಕೆ ತಳ್ಳಿ, 14 ಬಿಟ್‌ನಿಂದಲೇ 16 ಬಿಟ್‌ನ ಗುಣ ತೆಗೆದರು. ಕೆಲವೇ ವರ್ಷಗಳಲ್ಲಿ ಉಳಿದವರೂ ಇದೇ ದಾರಿಗೆ ಬಂದರು. ಇವತ್ತು ಅಗ್ಗದ ಪ್ಲೇಯರಿನಲ್ಲೂ ಈ ತೊಂದರೆ ಇಲ್ಲ.

ಎರಡನೆಯದು, ತಟ್ಟೆಗೆ ಹೋದ ಟೇಪ್. ಬಹಳಷ್ಟು ಹಳೆಯ ಆಲ್ಬಂಗಳ ಸಿಡಿ ಮಾಡುವಾಗ ಮೂಲ ಮಾಸ್ಟರ್ ಹುಡುಕುವ ತಾಳ್ಮೆ ಇರಲಿಲ್ಲ. ಎಲ್‌ಪಿ ಕತ್ತರಿಸಲೆಂದು ತಯಾರಿಸಿದ ಪ್ರತಿ ಕೈಗೆ ಸಿಕ್ಕಿತು, ಅದನ್ನೇ ಹಾಕಿದರು. ಎಲ್‌ಪಿಗೆ ತಕ್ಕಂತೆ ಬೇಸ್ ತಗ್ಗಿಸಿ, ಮೇಲಿನ ಸ್ವರ ತಿದ್ದಿದ ಟೇಪ್ ಅದು. ಸಿಡಿ ಏನನ್ನೂ ಮರೆಮಾಚುವುದಿಲ್ಲ, ಇದ್ದದ್ದು ಇದ್ದ ಹಾಗೆ ಬಂತು.

ಮೂರನೆಯದು ಪ್ರೀ-ಎಂಫಸಿಸ್. ಕೆಲವು ಮೊದಲ ಸಿಡಿಗಳಲ್ಲಿ ಮೇಲಿನ ಸ್ವರಗಳನ್ನು ಹತ್ತಿರ ಹತ್ತಿರ 10 ಡೆಸಿಬೆಲ್ ಏರಿಸಿ ಬರೆದು, ಪ್ಲೇಯರ್ ಅಷ್ಟೇ ಇಳಿಸುವಂತೆ ಒಂದು ಗುರುತು ಹಾಕುತ್ತಿದ್ದರು. ಪ್ಲೇಯರಿಗೆ ಆ ಗುರುತು ಕಂಡರೆ ಸರಿ. ಕಂಪ್ಯೂಟರಿಗೆ ನಕಲು ಮಾಡುವ ಸಾಫ್ಟ್‌ವೇರ್ ಗುರುತನ್ನು ನೋಡದೆ ಬಿಟ್ಟರೆ ಹಾಡು ಕೀರಲು ಕೀರಲಾಗಿ ಉಳಿಯುತ್ತದೆ.

ಜಿಟ್ಟರ್ ಅಂದರೆ ಏನು? ಅದಕ್ಕೆ ದುಬಾರಿ ಕೇಬಲ್ ಬೇಕೇ?

ಸ್ಯಾಂಪಲ್‌ಗಳು ಸರಿಯಾದ ಹೊತ್ತಿಗೆ ಡ್ಯಾಕಿನಿಂದ ಹೊರಬರದೆ ಚೂರು ಹಿಂದೆ ಮುಂದೆ ಆಗುವುದೇ ಜಿಟ್ಟರ್. ತಟ್ಟೆ ತಿರುಗುವಾಗಿನ ಏರುಪೇರು ಇದಕ್ಕೆ ಕಾರಣ ಅಲ್ಲ. ಓದಿದ ಅಂಕಿಗಳು ಮೊದಲು ಬಫರಿನಲ್ಲಿ, ಅಂದರೆ ತಾತ್ಕಾಲಿಕ ನೆನಪಿನ ಜಾಗದಲ್ಲಿ, ತುಂಬಿಕೊಂಡು, ಕ್ವಾರ್ಟ್ಜ್ ಗಡಿಯಾರದ ತಾಳಕ್ಕೆ ಹೊರಬರುತ್ತವೆ. ಪ್ಲೇಯರ್ ಮತ್ತು ಡ್ಯಾಕ್ ಬೇರೆ ಬೇರೆ ಪೆಟ್ಟಿಗೆಯಲ್ಲಿದ್ದು, ವಿನ್ಯಾಸ ಕೆಟ್ಟದಾಗಿದ್ದರೆ ತೊಂದರೆ ಆಗಬಹುದು. ಈಗಿನ ಸಾಧಾರಣ ಡ್ಯಾಕ್‌ಗಳಲ್ಲೂ ಅದು ಕಿವಿಗೆ ಕೇಳುವ ಮಟ್ಟದಲ್ಲಿ ಇರುವುದಿಲ್ಲ. ಕೇಬಲ್ ದುಡ್ಡು ಉಳಿಸಿ.

ಸಿಡಿ ಅಂಚಿಗೆ ಹಸಿರು ಪೆನ್ ಬಳಿದರೆ ಸದ್ದು ಚೆನ್ನಾಗುತ್ತಾ?

ಇಲ್ಲ. 90ರ ಆಸುಪಾಸಿನಲ್ಲಿ ಹೀಗೊಂದು ಗುಲ್ಲೆದ್ದಿತ್ತು. ಇದಕ್ಕೆಂದೇ ಪೆನ್ ಮಾರಿದವರೂ ಇದ್ದರು.

ಗೀರು ಬಿದ್ದ ಸಿಡಿಯ ಸದ್ದು ಮಂಕಾಗುತ್ತದೆಯೇ?

ಮಂಕಾಗುವುದಿಲ್ಲ. ಒಂದೋ ಸರಿಯಾಗಿ ಬರುತ್ತದೆ, ಇಲ್ಲವೋ ಟಿಕ್ ಅನ್ನುತ್ತದೆ, ಹಾರುತ್ತದೆ, ನಿಲ್ಲುತ್ತದೆ. ಬೇಸ್ ಕಡಿಮೆ ಆಯ್ತು, ಮಾಧುರ್ಯ ಹೋಯ್ತು ಅನ್ನುವುದೆಲ್ಲ ಟೇಪಿನ ಕಾಲದ ಅನುಭವ.

ಸಿಡಿಯಲ್ಲಿ ತಪ್ಪು ತಿದ್ದುವ ಏರ್ಪಾಟು ಬಲವಾಗಿದೆ. ಹೆಸರು ಸಿಐಆರ್‌ಸಿ. ಅಂಕಿಗಳ ಜೊತೆಗೆ ತಾಳೆ ನೋಡಲು ಹೆಚ್ಚುವರಿ ಅಂಕಿಗಳನ್ನು ಬರೆದು, ಅಕ್ಕಪಕ್ಕದ ಅಂಕಿಗಳನ್ನು ತಟ್ಟೆಯ ಮೇಲೆ ದೂರ ದೂರ ಹರಡಿರುತ್ತಾರೆ. ಒಂದು ಗೀರು ಒಂದೇ ಹಾಡಿನ ತುಣುಕನ್ನು ಪೂರ್ತಿ ಅಳಿಸುವ ಬದಲು ಹಲವು ತುಣುಕುಗಳಿಂದ ಒಂದೊಂದು ಚೂರು ಅಳಿಸುತ್ತದೆ. ಉಳಿದ ಅಂಕಿಗಳಿಂದ ಅದನ್ನು ಲೆಕ್ಕ ಹಾಕಿ ತುಂಬಬಹುದು. ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಪೂರ್ತಿ ಹೋದರೂ ಮೂಲ ಅಂಕಿಗಳು ಹಾಗೇ ವಾಪಸ್ ಸಿಗುತ್ತವೆ.

ಅದಕ್ಕಿಂತ ದೊಡ್ಡ ಹಾನಿಯಾದರೆ ಆಡಿಯೋ ಸಿಡಿ ಒಂದು ರಾಜಿ ಮಾಡಿಕೊಳ್ಳುತ್ತದೆ. ಹಿಂದಿನ ಮುಂದಿನ ಸ್ಯಾಂಪಲ್ ನೋಡಿ ನಡುವಿನದನ್ನು ಅಂದಾಜಿನಲ್ಲಿ ತುಂಬುತ್ತದೆ. ನಮಗೆ ಹೇಳದೆ ಮಾಡುವ ಕೆಲಸ ಇದು. ಕಂಪ್ಯೂಟರಿನ ಸಿಡಿ-ರಾಮ್‌ನಲ್ಲಿ ಅಂದಾಜಿಗೆ ಜಾಗ ಇಲ್ಲ. ಅದಕ್ಕೇ ಅಲ್ಲಿ 2,352 ಬೈಟಿನ ಪ್ರತಿ ತುಂಡಿನಲ್ಲಿ 2,048 ಮಾತ್ರ ಮಾಹಿತಿಗೆ ಬಿಟ್ಟು, ಉಳಿದದ್ದರಲ್ಲಿ ಬಹುಪಾಲನ್ನು ಇನ್ನೊಂದು ಸುತ್ತಿನ ತಿದ್ದುಪಡಿಗೆ ಕೊಟ್ಟಿದ್ದಾರೆ. ಆಡಿಯೋ ಸಿಡಿಗೆ ಆ ಎರಡನೇ ಬೇಲಿ ಇಲ್ಲ. ನನ್ನ ಪ್ರಕಾರ ರೆಡ್ ಬುಕ್‌ನ ನಿಜವಾದ ಕೊರತೆಗಳಲ್ಲಿ ಇದು ಒಂದು.

ಯಾವ ಬದಿಯನ್ನು ಜಾಸ್ತಿ ಕಾಪಾಡಬೇಕು?

ಹೆಸರು ಅಚ್ಚಾದ ಬದಿಯನ್ನು. ಎಲ್ಲರೂ ಹೊಳೆಯುವ ಬದಿಗೆ ಹೆದರುತ್ತಾರೆ, ಆದರೆ ಅಲ್ಲಿ 1.2 ಮಿಲಿಮೀಟರ್ ಪಾಲಿಕಾರ್ಬೊನೇಟ್ ಇದೆ. ಸಣ್ಣ ಗೀರು ಲೇಸರಿನ ಫೋಕಸ್ಸಿನಿಂದ ಆಚೆ ಉಳಿಯುತ್ತದೆ, ಪಾಲಿಷ್ ಕೂಡ ಮಾಡಬಹುದು. ಅಚ್ಚಿನ ಬದಿಯಲ್ಲಿ ತೆಳು ಲ್ಯಾಕರ್, ಅದರ ಕೆಳಗೇ ಅಲ್ಯೂಮಿನಿಯಂ. ಬಾಲ್ ಪೆನ್ನಿನಿಂದ ಹೆಸರು ಗೀಚಿದರೆ ಅಲ್ಲಿಗೆ ಮುಗಿಯಿತು.

ಸಿಡಿ ತಾನೇ ಹಾಳಾಗುತ್ತದೆಯೇ?

ಆಗುತ್ತದೆ. ‘ನೂರು ವರ್ಷ ಏನೂ ಆಗಲ್ಲ’ ಅನ್ನುವುದು ಮಾರುವವರ ಮಾತು. ಅಲ್ಯೂಮಿನಿಯಂಗೆ ಗಾಳಿ, ತೇವ ತಗುಲಿದರೆ ಮಂಕಾಗುತ್ತದೆ, ತೂತು ಬೀಳುತ್ತದೆ. ಬೆಳಕಿಗೆ ಹಿಡಿದರೆ ಸೂಜಿಮೊನೆಯಂಥ ಚುಕ್ಕೆಗಳು ಕಾಣುತ್ತವೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ಅಚ್ಚಾದ ಎಷ್ಟೋ ತಟ್ಟೆಗಳು ಲ್ಯಾಕರ್ ದೋಷದಿಂದ ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದವು. 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ಬೆಲೀಜ್ ದೇಶದಿಂದ ಬಂದ ಒಂದು ಸಿಡಿಯನ್ನು ಶಿಲೀಂಧ್ರ ತಿಂದಿದ್ದನ್ನು ತೋರಿಸಿದರು. ಬಿಸಿ ಮತ್ತು ತೇವ ಎರಡೂ ಇರುವ ಜಾಗ ಅದು. ಮಂಗಳೂರು, ಕಾರವಾರದ ಮಳೆಗಾಲ ಕಂಡವರಿಗೆ ಇದರಲ್ಲಿ ಆಶ್ಚರ್ಯ ಇರಲಾರದು.

ಮನೆಯಲ್ಲಿ ಬರೆದ ಸಿಡಿ-ಆರ್ ಇನ್ನೂ ಸೂಕ್ಷ್ಮ. ಅದರಲ್ಲಿ ಗುಳಿ ಇಲ್ಲ, ಬಣ್ಣದ ಪದರ ಇದೆ. ಬಿಸಿಲಿಗೆ ಆ ಬಣ್ಣ ಮಾಸುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ತಟ್ಟೆಯ ಆಸೆ ಬಿಡಿ.

ಕೆಲವು ಸಿಡಿಗಳು ಕಂಪ್ಯೂಟರಿನಲ್ಲಿ ಓಡುವುದೇ ಇಲ್ಲ, ಯಾಕೆ?

2000ದ ಮೊದಲ ವರ್ಷಗಳಲ್ಲಿ ನಕಲು ತಡೆಯಲು ಕೆಲವು ಕಂಪನಿಗಳು ಬೇಕೆಂದೇ ತಪ್ಪು ಅಂಕಿಗಳನ್ನು ತುಂಬಿದವು. ಪ್ಲೇಯರ್ ಅಂದಾಜು ಮಾಡಿಕೊಂಡು ನುಡಿಸಲಿ, ಕಂಪ್ಯೂಟರ್ ಎಡವಲಿ ಅನ್ನುವ ಲೆಕ್ಕ. ಅಂದರೆ ಗೀರಿನಿಂದ ಕಾಪಾಡಲು ಇದ್ದ ಶಕ್ತಿಯಲ್ಲಿ ಒಂದು ಪಾಲನ್ನು ಕಾರ್ಖಾನೆಯಲ್ಲೇ ತಿಂದುಹಾಕಿದರು. ಇವು ರೆಡ್ ಬುಕ್ ಪ್ರಕಾರ ಇಲ್ಲ, ಸಿಡಿ ಲಾಂಛನ ಹಾಕುವಂತಿಲ್ಲ ಎಂದು ಫಿಲಿಪ್ಸ್ ಹೇಳಿತು. 2005ರಲ್ಲಿ ಸೋನಿ ಬಿಎಂಜಿಯ ತಟ್ಟೆಗಳು ಗ್ರಾಹಕರ ಕಂಪ್ಯೂಟರಿನಲ್ಲಿ ಗುಟ್ಟಾಗಿ ಸಾಫ್ಟ್‌ವೇರ್ ಕೂರಿಸಿದ್ದು ಬಯಲಾಗಿ, ಆ ತಟ್ಟೆಗಳನ್ನು ವಾಪಸ್ ಪಡೆಯಬೇಕಾಯಿತು. ದುಡ್ಡು ಕೊಟ್ಟು ಕೊಂಡವರಿಗೇ ಶಿಕ್ಷೆ!

ಹೊಸ ಸಿಡಿಗಳು ಇಷ್ಟೊಂದು ಜೋರು, ಸ್ವಲ್ಪ ಹೊತ್ತಿಗೇ ತಲೆನೋವು. ಯಾಕೆ?

ಸಿಡಿಯ ಸದ್ದು ಕೆಡಿಸಿದವರು ಯಾರು ಅಂತ ಒಂದೇ ಹೆಸರು ಕೇಳಿದರೆ ನಾನು ತೋರಿಸುವುದು ಇದನ್ನೇ: ಲೌಡ್‌ನೆಸ್ ಪೈಪೋಟಿ.

ಅಂಕಿಗಳಿಗೆ ಒಂದು ಮೇಲ್ಮಿತಿ ಇದೆ, ಅದರಾಚೆ ಹೋಗುವಂತಿಲ್ಲ. 80ರ ದಶಕದಲ್ಲಿ ಮೃದಂಗದ ಒಂದು ದೊಡ್ಡ ಪೆಟ್ಟು, ಡ್ರಮ್ಮಿನ ಒಂದು ಹೊಡೆತ ಮಾತ್ರ ಆ ಮಿತಿಯ ಹತ್ತಿರ ಹೋಗುತ್ತಿತ್ತು. ಸರಾಸರಿ ಸದ್ದು 18-20 ಡೆಸಿಬೆಲ್ ಕೆಳಗೆ ಇರುತ್ತಿತ್ತು. ಆ ಅಂತರದಲ್ಲೇ ಹಾಡಿನ ಉಸಿರು. 90ರ ನಂತರ ಕಂಪನಿಗಳಿಗೆ ‘ನಮ್ಮ ಹಾಡು ಪಕ್ಕದವರದ್ದಕ್ಕಿಂತ ಜೋರಾಗಿ ಕೇಳಬೇಕು’ ಅನ್ನುವ ಹುಚ್ಚು ಹಿಡಿಯಿತು. ಜೋರಾಗಿದ್ದದ್ದು ಮೊದಲ ಕ್ಷಣಕ್ಕೆ ಚೆನ್ನಾಗಿ ಕೇಳುತ್ತದೆ, ಅದು ಕಿವಿಯ ಸ್ವಭಾವ. ಡಿಜಿಟಲ್ ಲಿಮಿಟರ್ ಬಂದ ಮೇಲೆ ಪೆಟ್ಟುಗಳ ತಲೆ ಸವರಿ, ಉಳಿದದ್ದನ್ನೆಲ್ಲ ಮೇಲಕ್ಕೆ ಎತ್ತಿದರು. ಸರಾಸರಿ ಸದ್ದು ಮಿತಿಗಿಂತ 8-10 ಡೆಸಿಬೆಲ್ ಕೆಳಗೆ ಬಂದು ನಿಂತಿತು. ಪಲ್ಲವಿಗೂ ಚರಣಕ್ಕೂ, ಪಿಸುಮಾತಿಗೂ ಕೂಗಿಗೂ ವ್ಯತ್ಯಾಸ ಉಳಿಯಲಿಲ್ಲ.

2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಇದು ಜಗಜ್ಜಾಹೀರಾಯಿತು. ಅದೇ ಹಾಡುಗಳು ಒಂದು ವಿಡಿಯೋ ಗೇಮಿನಲ್ಲೂ ಇದ್ದವು, ಅಷ್ಟು ಹಿಂಡದೆ. ಕೇಳುಗರು ಹೋಲಿಸಿ ನೋಡಿ, ಗೇಮಿನ ಸದ್ದೇ ವಾಸಿ ಅಂದರು.

ಇದರಲ್ಲಿ ನೋವಿನ ಸಂಗತಿ ಏನೆಂದರೆ, 96 ಡೆಸಿಬೆಲ್ ಅಂತರ ಇಟ್ಟುಕೊಳ್ಳಬಲ್ಲ ಮಾಧ್ಯಮದಲ್ಲಿ ಕ್ಯಾಸೆಟ್ಟಿಗೂ ಕಡಿಮೆ ಅನ್ನಿಸುವಷ್ಟು ಏರಿಳಿತವನ್ನು ಮಾತ್ರ ತುಂಬಿಕೊಟ್ಟರು. ಅದೇ ಆಲ್ಬಮ್ಮಿನ ಎಲ್‌ಪಿ ಕೆಲವು ಸಲ ಚೆನ್ನಾಗಿ ಕೇಳಲು ಇದೂ ಕಾರಣ. ಎಲ್‌ಪಿಗೆ ಬೇರೆಯೇ ಮಾಸ್ಟರ್ ಮಾಡಿರುತ್ತಾರೆ. ಈಗ ಸ್ಟ್ರೀಮಿಂಗ್ ಸೇವೆಗಳು ಎಲ್ಲ ಹಾಡುಗಳನ್ನೂ ಒಂದೇ ಮಟ್ಟಕ್ಕೆ ತರುವುದರಿಂದ ಈ ಪೈಪೋಟಿಯಿಂದ ಲಾಭ ಕಡಿಮೆ. ಚಟ ಮಾತ್ರ ಪೂರ್ತಿ ಬಿಟ್ಟಿಲ್ಲ.

‘ರೀಮಾಸ್ಟರ್ಡ್’ ಎಂದು ಬರೆದಿದ್ದರೆ ಕೊಳ್ಳಬಹುದೇ?

ಕೇಳಿ ನೋಡಿ ಕೊಳ್ಳಿ. ಕೆಲವು ಮೂಲ ಟೇಪಿನಿಂದ ಪ್ರೀತಿಯಿಂದ ಮಾಡಿದವು. ಕೆಲವು ಬರೀ ಜೋರು ಮಾಡಿದವು.

ಹಳೆಯ ಕನ್ನಡ ಚಿತ್ರಗೀತೆಗಳ ಸಿಡಿ ಮೇಲೆ ‘ಸ್ಟೀರಿಯೊ’ ಎಂದಿರುತ್ತದೆ. ಅದು ನಿಜವಾದ ಸ್ಟೀರಿಯೊನಾ?

ಐವತ್ತು, ಅರವತ್ತರ ದಶಕದ ಹಾಡುಗಳು ಮೊನೊ. ಗಾಯಕರು, ವಾದ್ಯಗಳು ಎಲ್ಲ ಒಂದೇ ಟ್ರ್ಯಾಕಿಗೆ ಹೋದವು. ಬಿಡಿಸಿ ಎಡ-ಬಲ ಮಾಡಲು ಮೂಲದಲ್ಲಿ ಏನೂ ಇರುತ್ತಿರಲಿಲ್ಲ. ಸ್ಟೀರಿಯೊ ಎಂದು ಮಾರಲು ಮಾಡಿದ ಉಪಾಯಗಳು ಹಲವು: ಬೇಸನ್ನು ಒಂದು ಕಡೆಗೆ, ಮೇಲಿನ ಸ್ವರವನ್ನು ಇನ್ನೊಂದು ಕಡೆಗೆ ತಳ್ಳುವುದು, ಒಂದು ಬದಿಯನ್ನು ಚೂರು ತಡಮಾಡುವುದು, ಪ್ರತಿಧ್ವನಿ ಸುರಿಯುವುದು. ಹಿಂದಿ ಹಾಡುಗಳಿಗೆ ಮೇಲಿಂದ ತಾಳದ ಸದ್ದು ಸೇರಿಸಿ ‘ಝಂಕಾರ್ ಬೀಟ್ಸ್’ ಬಡಿದದ್ದು ಎಲ್ಲರಿಗೂ ಗೊತ್ತು. ನೇರ ಮೊನೊ ಪ್ರತಿ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ. ಆಂಪ್ಲಿಫೈಯರಿನಲ್ಲಿ ಮೊನೊ ಬಟನ್ ಇದ್ದರೆ ಒತ್ತಿ ನೋಡಿ, ಎಷ್ಟೋ ‘ಸ್ಟೀರಿಯೊ’ ಹಾಡುಗಳು ಅಷ್ಟರಿಂದಲೇ ಸುಧಾರಿಸುತ್ತವೆ.

ಒಂದೇ ತಟ್ಟೆಯಲ್ಲಿ ನೂರು, ನೂರೈವತ್ತು ಹಾಡು ಎಂದು ಮಾರುತ್ತಿದ್ದವು ಆಡಿಯೋ ಸಿಡಿಯೇ ಅಲ್ಲ, ಎಂಪಿ3. ಸೆಕೆಂಡಿಗೆ 128 ಕಿಲೋಬಿಟ್ ಅಂದರೆ ಸಿಡಿಯ ಹನ್ನೊಂದರಲ್ಲಿ ಒಂದು ಪಾಲು. ಅದರ ತಾಳದ ಸದ್ದು ನೀರಲ್ಲಿ ಅದ್ದಿದ ಹಾಗೆ ಕೇಳಿದರೆ ಸಿಡಿಯನ್ನು ಬೈಯಬೇಡಿ.

ಸ್ಟೀರಿಯೊದಲ್ಲೇ ಕೊರತೆ ಇದೆ ಅಂದಿರಿ. ಏನದು?

ನಡುವೆ ಕೇಳುವ ಗಾಯಕಿ ಅಲ್ಲಿ ಇಲ್ಲ. ಎರಡೂ ಸ್ಪೀಕರಿನಿಂದ ಒಂದೇ ಸದ್ದು ಬಂದಾಗ ಮಿದುಳು ಅವರನ್ನು ನಡುವೆ ಕೂರಿಸಿಕೊಳ್ಳುತ್ತದೆ, ಅಷ್ಟೆ. ಇಂಗ್ಲೆಂಡಿನ ಇಎಂಐಯಲ್ಲಿದ್ದ ಎಂಜಿನಿಯರ್ ಅಲನ್ ಬ್ಲಮ್ಲೈನ್ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರಲ್ಲಿ. ಅದ್ಭುತ ಉಪಾಯ. ಆದರೆ ಕೇಳುವವರು ಎರಡು ಸ್ಪೀಕರಿಗೂ ಸಮ ದೂರದಲ್ಲಿ ಕೂತಿರಬೇಕು. ಅರ್ಧ ಮೀಟರ್ ಪಕ್ಕಕ್ಕೆ ಸರಿದರೆ ಹತ್ತಿರದ ಸ್ಪೀಕರಿನ ಸದ್ದು ಮೊದಲು ಬರುತ್ತದೆ, ಗಾಯಕಿ ಆ ಕಡೆಗೆ ಓಡಿಬಿಡುತ್ತಾರೆ. ಸೋಫಾದಲ್ಲಿ ಮೂರು ಜನ ಕೂತರೆ ಸ್ಟೀರಿಯೊ ಸಿಗುವುದು ನಡುವಿನವರಿಗೆ ಮಾತ್ರ.

ಸರಿಯಾದ ಜಾಗದಲ್ಲಿ ಕೂತರೂ ಒಂದು ದೋಷ ಉಳಿಯುತ್ತದೆ. ಎಡ ಸ್ಪೀಕರಿನ ಸದ್ದು ಎಡ ಕಿವಿಗೆ ಮಾತ್ರ ಹೋಗುವುದಿಲ್ಲ, ತಲೆ ಸುತ್ತಿ ಬಲ ಕಿವಿಗೂ ಹೋಗುತ್ತದೆ, ಸುಮಾರು ಕಾಲು ಮಿಲಿಸೆಕೆಂಡ್ ತಡವಾಗಿ. ಬಲದ್ದೂ ಹಾಗೇ. ಈ ತಡದಿಂದ 2 ಕಿಲೋಹರ್ಟ್ಸ್ ಆಸುಪಾಸಿನ ಸದ್ದು ಒಂದನ್ನೊಂದು ತಿಂದುಹಾಕುತ್ತದೆ. ಮಾತಿನ, ಹಾಡಿನ ಸ್ಪಷ್ಟತೆ ಇರುವುದೇ ಅಲ್ಲಿ. ನಿಜವಾಗಿ ನಡುವೆ ಒಂದು ಸ್ಪೀಕರ್ ಇಟ್ಟರೆ ಈ ತೊಂದರೆ ಇಲ್ಲ.

ಇದು ಹೊಸ ತಿಳಿವಳಿಕೆ ಏನಲ್ಲ. 1933ರ ಏಪ್ರಿಲ್ 27ರಂದು ಬೆಲ್ ಲ್ಯಾಬ್ಸ್‌ನವರು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ಆರ್ಕೆಸ್ಟ್ರಾವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳಿಸಿದರು. ಅವರು ಬಳಸಿದ್ದು ಮೂರು ಚಾನೆಲ್. ಎರಡಕ್ಕೆ ಇಳಿಸಿದ್ದು ಎಲ್‌ಪಿ. ಒಂದು ಗೀರುಗಾಲುವೆಗೆ ಎರಡು ಗೋಡೆ, ಹಾಗಾಗಿ ಎರಡು ಚಾನೆಲ್. ಸಿಡಿಗೆ ಅಂಥ ಕಟ್ಟುಪಾಡು ಇರಲಿಲ್ಲ. ನಾಲ್ಕು ಚಾನೆಲ್‌ಗೆಂದು ಒಂದು ಗುರುತಿನ ಜಾಗವನ್ನೂ ಬಿಟ್ಟಿದ್ದರು, ಆದರೆ ಅದು ಬಳಕೆಗೆ ಬರಲೇ ಇಲ್ಲ. 1999ರ ಸೂಪರ್ ಆಡಿಯೋ ಸಿಡಿ, 2000ದ ಡಿವಿಡಿ-ಆಡಿಯೋ ಬಹು ಚಾನೆಲ್ ತಂದವು. ಅಷ್ಟರಲ್ಲಿ ಜನ ಎಂಪಿ3 ಕಡೆ ಹೊರಟಿದ್ದರು.

ಹೆಡ್‌ಫೋನಿನಲ್ಲಿ ಈ ತೊಂದರೆ ಇಲ್ಲ ಅಲ್ವಾ?

ಈ ತೊಂದರೆ ಇಲ್ಲ, ಬೇರೆ ಇದೆ. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಹೋಗುವುದರಿಂದ ಕಚೇರಿ ನಿಮ್ಮ ತಲೆಯೊಳಗೇ ನಡೆಯುತ್ತದೆ. ವಯೊಲಿನ್ ಒಂದು ಕಿವಿಯಲ್ಲಿ, ಘಟ ಇನ್ನೊಂದು ಕಿವಿಯಲ್ಲಿ. ಸ್ಪೀಕರಿಗೆಂದು ಮಿಕ್ಸ್ ಮಾಡಿದ ಹಾಡು ಹೀಗೇ ಆಗುವುದು. ಕೆಲವು ಪ್ಲೇಯರ್ ಆ್ಯಪ್‌ಗಳಲ್ಲಿ ‘ಕ್ರಾಸ್‌ಫೀಡ್’ ಎಂಬ ಆಯ್ಕೆ ಇರುತ್ತದೆ. ಅದು ಎರಡನ್ನೂ ಸ್ವಲ್ಪ ಬೆರೆಸಿ ಆರಾಮ ಕೊಡುತ್ತದೆ.

ಹೈ-ರೆಸ್ (ಸಿಡಿಗಿಂತ ಹೆಚ್ಚು ವಿವರ ಇರುವ) ಫೈಲ್, ಸೂಪರ್ ಆಡಿಯೋ ಸಿಡಿ ನಿಜವಾಗಲೂ ಮೇಲೇ?

ಅಂಕಿಗಳಲ್ಲಿ ಮೇಲು. ಕಿವಿಗೆ? ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಸೂಪರ್ ಆಡಿಯೋ ಸಿಡಿಯಂಥ ಮೂಲದ ಸದ್ದನ್ನು ನೇರವಾಗಿ ಒಂದು ಸಲ, 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿ ಒಂದು ಸಲ, ಯಾವುದು ಎಂದು ಹೇಳದೆ ಕೇಳಿಸಿದರು. 554 ಸಲ ಕೇಳಿಸಿದ್ದರಲ್ಲಿ ಸರಿ ಉತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಆದರೆ ಅದೇ ಲೇಖಕರು ಇನ್ನೊಂದು ಮಾತನ್ನೂ ಹೇಳಿದರು: ಆ ತಟ್ಟೆಗಳಲ್ಲಿ ಹೆಚ್ಚಿನವು ಸಾಮಾನ್ಯ ಸಿಡಿಗಳಿಗಿಂತ ಚೆನ್ನಾಗಿ ಕೇಳುತ್ತವೆ, ಯಾಕೆಂದರೆ ಅವನ್ನು ತಯಾರಿಸುವಾಗ ಹೆಚ್ಚು ಕಾಳಜಿ ವಹಿಸಿರುತ್ತಾರೆ.

ಎಲ್‌ಪಿ ಸದ್ದೇ ಹಿತ ಅನ್ನುವವರಿಗೆ ಏನು ಹೇಳುತ್ತೀರಿ?

ಹಿತ ಅನ್ನಿಸಿದರೆ ಕೇಳಲಿ. ಹಿತ ಬೇರೆ, ನಿಖರತೆ ಬೇರೆ. ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಗೀರುಗಾಲುವೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ, ಒಳ ಅಂಚಿಗೆ ಬರುವಾಗ 20. ಹಾಗಾಗಿ ಪ್ರತಿ ಬದಿಯ ಕೊನೆಯ ಹಾಡು ಮೊದಲಿನದಕ್ಕಿಂತ ಒರಟು. ಮುಳ್ಳು ಹಾರದಂತೆ ಬೇಸನ್ನು ಎರಡೂ ಚಾನೆಲ್ಲಿಗೆ ಸಮವಾಗಿ ಹಂಚಬೇಕು. ಸಿಡಿಗೆ ಈ ಕಷ್ಟಗಳಿಲ್ಲ. ತಟ್ಟೆ ಒಳಗೆ ಓದುವಾಗ ನಿಮಿಷಕ್ಕೆ ಸುಮಾರು 500 ಸುತ್ತು, ಹೊರಗೆ 200 ಸುತ್ತು ತಿರುಗಿ ವೇಗವನ್ನು ಒಂದೇ ಸಮ ಇಡುತ್ತದೆ.

ದುಡ್ಡು ಖರ್ಚು ಮಾಡುವುದಾದರೆ ಯಾವುದಕ್ಕೆ ಮಾಡಲಿ?

ಸ್ಪೀಕರಿಗೆ, ಆಮೇಲೆ ಕೋಣೆಗೆ. ಸಾಧಾರಣ ಸಿಡಿ ಪ್ಲೇಯರಿನಲ್ಲಿ ಸದ್ದು ಕೆಡುವ ಪ್ರಮಾಣ ಶೇಕಡಾ 0.01ಕ್ಕಿಂತ ಕಡಿಮೆ. ಬೇಸ್ ಜೋರಾದಾಗ ಸ್ಪೀಕರಿನಲ್ಲಿ ಅದು ಶೇಕಡಾ 1 ದಾಟುವುದು ಮಾಮೂಲು. ಎರಡು ಸ್ಪೀಕರ್, ನೀವು ಕೂರುವ ಜಾಗ, ಮೂರೂ ಸೇರಿ ಸಮಭುಜ ತ್ರಿಕೋನ ಆಗುವಂತೆ ಇಡಿ. ಸ್ಪೀಕರನ್ನು ಮೂಲೆಯಿಂದ ಈಚೆ ತನ್ನಿ, ಟ್ವೀಟರ್ (ಮೇಲಿನ ಸ್ವರ ನುಡಿಸುವ ಸಣ್ಣ ಭಾಗ) ಕಿವಿಯ ಎತ್ತರಕ್ಕೆ ಬರಲಿ. ಗ್ರಾನೈಟ್ ನೆಲ, ಬರಿಗೋಡೆ ಇರುವ ನಮ್ಮ ಹಾಲ್‌ಗಳಲ್ಲಿ ಸದ್ದು ಬಡಿದು ಬಡಿದು ವಾಪಸ್ ಬರುತ್ತದೆ. ಒಂದು ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಹಾಕಿ ನೋಡಿ. ಸಿಡಿ ‘ಚುಚ್ಚುತ್ತೆ’ ಅನ್ನುವ ದೂರಿನಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ.

ಅಟ್ಟದಲ್ಲಿರುವ ಸಿಡಿಗಳನ್ನು ಏನು ಮಾಡಲಿ?

ಬೇಗ ಕಂಪ್ಯೂಟರಿಗೆ ತೆಗೆದುಕೊಳ್ಳಿ. ಎಕ್ಸಾಕ್ಟ್ ಆಡಿಯೋ ಕಾಪಿಯಂಥ ಸಾಫ್ಟ್‌ವೇರ್ ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದುತ್ತದೆ, ಅಕ್ಯುರೇಟ್‌ರಿಪ್ ಮೂಲಕ ಬೇರೆಯವರ ಪ್ರತಿಯ ಜೊತೆ ತಾಳೆ ನೋಡುತ್ತದೆ. ತಾಳೆಯಾದರೆ ಪ್ಲೇಯರ್ ಗುಟ್ಟಾಗಿ ಅಂದಾಜು ಮಾಡಿದ್ದು ಒಂದೂ ಇಲ್ಲ ಎಂದು ನಂಬಬಹುದು. ಫ್ಲ್ಯಾಕ್ ರೂಪದಲ್ಲಿ ಇಡಿ. ಗಾತ್ರ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಒಂದು ಬಿಟ್ ಕೂಡ ಕಳೆಯುವುದಿಲ್ಲ. ಎರಡು ಬೇರೆ ಬೇರೆ ಡ್ರೈವಿನಲ್ಲಿ ಪ್ರತಿ ಇರಲಿ. ಶುರು ಮಾಡುವಾಗ ಅಂಗಡಿಯಲ್ಲಿ ಕೊಂಡ ಸಿಡಿ ಬದಿಗಿಡಿ, ಅವುಗಳಲ್ಲಿ ಹೆಚ್ಚಿನವು ಎಲ್ಲೋ ಮತ್ತೆ ಸಿಗುತ್ತವೆ. ಮನೆಯ ಮದುವೆಯ ನಾಗಸ್ವರ, ಅಜ್ಜಿ ಹೇಳಿದ ಹಾಡು, ಊರಿನ ತಾಳಮದ್ದಳೆ ಬರೆದಿಟ್ಟ ಸಿಡಿ-ಆರ್‌ಗಳನ್ನು ಮೊದಲು ತೆಗೆಯಿರಿ.